ಜೀವದ ಹುಟ್ಟೂ ಜೀವಿಗಳ ವಿಕಾಸವೂ

ವಿಕಾಸವಾದದ ಮಾತು ಬಂದಾಗಲೆಲ್ಲ ಒಂದು ಆಕ್ಷೇಪವು ಕೇಳಿಬರುವುದುಂಟು: ಮೊಟ್ಟಮೊದಲ ಜೀವವು ಹೇಗೆ ಹುಟ್ಟಿತೆಂಬುದನ್ನೇ ಹೇಳಲಾರದವರು, ಒಂದು ಜೀವಜಾತಿಯಿಂದ ಮತ್ತೊಂದು ಬಂದಿತೆಂದು ಹೇಗೆ ಹೇಳಬಲ್ಲರು? ಮೇಲುನೋಟಕ್ಕೆ ಈ ಮಾತು ಯುಕ್ತವಾಗಿಯೇ ತೋರುವುದು. ಆದರೆ ಇದರಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಹೆಣೆದುಕೊಂಡಿವೆ. ಅವನ್ನು ಬಿಡಿಸಿ ನೋಡುವುದೇ ಈ ಸಾರಿಯ ನಮ್ಮ ಉದ್ದೇಶ.

ನಮ್ಮ ಮನೆಗಳಲ್ಲಿ ಇಂದಿನ ಹಾಲಿಗೆ ನಿನ್ನೆಯ ಮೊಸರೇ ಹೆಪ್ಪು, ನಿನ್ನೆಯದಕ್ಕೆ ಮೊನ್ನೆಯದು. ಹೀಗೆ ಹಿಂದಹಿಂದಕ್ಕೆ ಹೋದರೆ ಮೊದಲ ಹೆಪ್ಪು ಎಲ್ಲಿಂದ ಬಂದಿತೆಂಬುದನ್ನು ಯಾರೂ ಹೇಳಲಾರರು. ಅಷ್ಟುಮಾತ್ರಕ್ಕೆ, ಹಾಲು ಮೊಸರಾಗುವ ಬಗೆಯನ್ನೂ ಬೇಸಗೆಯಲ್ಲಿ ಅದು ಬೇಗ ಹುಳಿಯುವುದನ್ನೂ ಬಲ್ಲ ಗೃಹಿಣಿಯ ತಿಳಿವಳಿಕೆಯು ಸುಳ್ಳಾಗುವುದೆ?

ಚಾರ್ಲ್ಸ್ ಡಾರ್ವಿನ್ನನು 1859ರಲ್ಲಿ ಪ್ರಕಟಿಸಿದ ಗ್ರಂಥವು, ಜೀವಿಗಳು ಇದ್ದ ಮೇಲೆ ಅವು ಹೇಗೆ ಮಾರ್ಪಡುವುವೆಂಬುದನ್ನು ಕುರಿತದ್ದು. ಒಂದೇ ತಾಯಿಯ ಮಕ್ಕಳಲ್ಲಿಯೂ ಸಣ್ಣಪುಟ್ಟ ಭೇದಗಳುಂಟು. ಸನ್ನಿವೇಶಕ್ಕೆ ಒಗ್ಗುವ ಭೇದವುಳ್ಳವು ಹೆಚ್ಚಾಗಿ ಉಳಿದು, ಆ ಗುಣವನ್ನು ಸಂತಾನಕ್ಕೆ ದಾಟಿಸುವುವು. ಇದೇ ಪ್ರಕೃತಿಯ ಆಯ್ಕೆ. ಮೊದಲ ಜೀವದ ಹುಟ್ಟನ್ನು ವಿವರಿಸಲು ಅವನು ಅಲ್ಲಿ ತೊಡಗಲಿಲ್ಲ. 1871ರಲ್ಲಿ ಮಿತ್ರನಾದ ಹೂಕರನಿಗೆ ಬರೆದ ಕಾಗದದಲ್ಲಿ ಮಾತ್ರ, ಯಾವುದಾದರೊಂದು ಬೆಚ್ಚನೆಯ ಸಣ್ಣ ಕೊಳದಲ್ಲಿ ರಾಸಾಯನಿಕ ದ್ರವ್ಯಗಳು ಕೂಡಿ ಜೀವಕ್ಕೆ ಹಾದಿಯಾಗಿರಬಹುದೆ ಎಂದು ಊಹಿಸಿದನು.

ಆ ಹಾದಿಯನ್ನು ಅರಸುವುದು ಮುಖ್ಯವಾಗಿ ರಸಾಯನಶಾಸ್ತ್ರದ ಕೆಲಸ. ಅಮೆರಿಕದ ಸ್ಟ್ಯಾನ್ಲಿ ಮಿಲ್ಲರನು ನೀರಾವಿ, ಮೀಥೇನ್, ಅಮೋನಿಯ, ಜಲಜನಕಗಳ ಮಿಶ್ರಣದಲ್ಲಿ ವಿದ್ಯುತ್ಕಿಡಿಗಳನ್ನು ಹಾಯಿಸಿ, ಸಸಾರಜನಕಗಳ ಘಟಕಗಳಾದ ಅಮೈನೋ ಆಮ್ಲಗಳು ಉಂಟಾಗುವುದನ್ನು 1953ರಲ್ಲಿ ಪ್ರಕಟಪಡಿಸಿದನು. ಇಟ್ಟಿಗೆಗಳು ದೊರೆತುವು, ಆದರೆ ಮನೆಯು ಎದ್ದ ಬಗೆ ಇಂದಿಗೂ ಬಗೆಹರಿದಿಲ್ಲ. ತನ್ನ ಪ್ರತಿಯನ್ನು ತಾನೇ ಮಾಡಿಕೊಳ್ಳುವ, ಆ ಪ್ರತಿಗಳಲ್ಲಿ ಆಗಾಗ ಭೇದವನ್ನು ತಳೆಯುವ ವಸ್ತುವೊಂದು ಉಂಟಾದ ಮೇಲೆಯೇ ಪ್ರಕೃತಿಯ ಆಯ್ಕೆಗೆ ಎಡೆ. ಎರಡು ಪ್ರಶ್ನೆಗಳೂ ಸಂಧಿಸುವುದು ಅಲ್ಲಿ.

ಈ ವಿವೇಚನೆಯು ಪಂಡಿತರಿಗೆ ಮಾತ್ರ ಬೇಕಾದುದೆಂದು ವಾಚಕರು ಭಾವಿಸಬಾರದು. 1928ರಲ್ಲಿ ಪೆನಿಸಿಲಿನ್ನನ್ನು ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗನು, ಔಷಧವನ್ನು ಸಾಲದ ಪ್ರಮಾಣದಲ್ಲಿ ಸೇವಿಸಿದರೆ ಅದಕ್ಕೆ ಬಗ್ಗದ ರೋಗಾಣುಗಳು ತಲೆಯೆತ್ತುವುವೆಂದು 1945ರ ನೊಬೆಲ್ ಉಪನ್ಯಾಸದಲ್ಲಿಯೇ ಎಚ್ಚರಿಸಿದ್ದನು. ಹಾಗೆಯೇ ಆಗಿದೆ. ಕ್ಷಯರೋಗದ ಅಣುಗಳಲ್ಲಿಯೂ ಹಳೆಯ ಔಷಧಗಳಿಗೆ ಮಣಿಯದ ತಳಿಗಳು ಈಗ ಇವೆ. ಔಷಧಕ್ಕೆ ದುರ್ಬಲವಾದವು ಸಾಯುವುವು, ತಾಳಿಕೊಂಡವು ಬೆಳೆಯುವುವು: ಡಾರ್ವಿನ್ನನು ಹೇಳಿದ ಆಯ್ಕೆಯು ರೋಗಿಯ ದೇಹದಲ್ಲಿಯೇ ನಡೆಯುವುದು.

ಆದುದರಿಂದ ವೈದ್ಯರನ್ನು ಕೇಳದೆ ಇಂತಹ ಔಷಧವನ್ನು ತರಿಸಿಕೊಳ್ಳುವುದೂ, ಜ್ವರವಿಳಿಯಿತೆಂದು ಅವರನ್ನು ಕೇಳದೆ ನಡುವೆ ಬಿಡುವುದೂ, ಮಿಕ್ಕ ಗುಳಿಗೆಗಳನ್ನು ನೆರೆಯವರಿಗೆ ಕೊಡುವುದೂ ಸಲ್ಲದು. ಜೀವವು ಮೊದಲು ಹೇಗೆ ಹುಟ್ಟಿತೆಂಬುದು ತಿಳಿಯಲು ಇನ್ನೆಷ್ಟು ಕಾಲ ಬೇಕೋ. ಜೀವಿಗಳು ಮಾರ್ಪಡುವುವೆಂಬುದನ್ನು ಒಪ್ಪಿ ನಡೆಯಲು ನಾವು ಅಲ್ಲಿಯವರೆಗೆ ಕಾಯುವಂತಿಲ್ಲ.