ಲೆಕ್ಕಕ್ಕೆ ಸಿಗದವರು

2024ರಲ್ಲಿ ಮಾದಕವಸ್ತು ಕಾಯ್ದೆಯಡಿ ಕೇರಳದಲ್ಲಿ 27,000ಕ್ಕೂ ಹೆಚ್ಚು ಪ್ರಕರಣ ದಾಖಲಾದವು, ಪಂಜಾಬಿನಲ್ಲಿ ಸುಮಾರು 9,000. ಈ ಎರಡನ್ನೂ ಅಕ್ಕಪಕ್ಕ ಇಟ್ಟು, ಕೊಚ್ಚಿ ಕೈತಪ್ಪಿತು ಎಂದು ತೀರ್ಪು ಕೊಡುವ ಬರಹಗಳನ್ನು ಓದಿ ಸಾಕಾಗಿದೆ. ಠಾಣೆಯ ಪುಸ್ತಕ ಮೊದಲು ಅಳೆಯುವುದು ಪೊಲೀಸರ ಓಡಾಟವನ್ನು. ಮಾಲು ಬೆಂಗಳೂರಿನದು ಎಂದು ಅಲ್ಲಿನವರು, ಹುಡುಗರು ಕೇರಳದವರು ಎಂದು ನಮ್ಮವರು ಕೈತೊಳೆದುಕೊಳ್ಳುವುದಂತೂ ಇನ್ನೂ ಬೇಸರದ ಸಂಗತಿ.

ಹಾಗಾದರೆ ಮಾದಕವಸ್ತು ಬಳಸುವವರನ್ನು ಎಣಿಸುವುದು ಹೇಗೆ? ಮನೆಮನೆಗೆ ಹೋಗಿ ಕೇಳಿದರೆ ಯಾರೂ ಹೇಳುವುದಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಡಗ್ಲಸ್ ಹೆಕಥಾರ್ನ್ 1997ರಲ್ಲಿ ಮುಂದಿಟ್ಟ ಉಪಾಯ ನನಗೆ ಬಹಳ ಪ್ರಿಯ. ಬಳಸುವ ಒಬ್ಬನನ್ನು ಮಾತಾಡಿಸಿ ಅವನ ಕೈಗೆ ಎರಡು ಮೂರು ಕೂಪನ್ ಕೊಡಬೇಕು. ಅವನು ಗೆಳೆಯರಿಗೆ ಹಂಚುತ್ತಾನೆ, ಬಂದವರು ತಮ್ಮವರಿಗೆ ಹಂಚುತ್ತಾರೆ. ಗೆಳೆಯರು ಹೆಚ್ಚಿರುವವನು ಸುಲಭವಾಗಿ ಸಿಕ್ಕಿಬಿಡುತ್ತಾನೆ, ಆದ್ದರಿಂದ ಲೆಕ್ಕದಲ್ಲಿ ಅವನ ತೂಕ ಇಳಿಸಬೇಕು, ಒಂಟಿಯದು ಏರಿಸಬೇಕು. ಏಮ್ಸ್‌ನ ರಾಷ್ಟ್ರೀಯ ಸಮೀಕ್ಷೆ 186 ಜಿಲ್ಲೆಗಳಲ್ಲಿ ಮನೆಮನೆ ಸುತ್ತಿದ್ದಲ್ಲದೆ 135 ಜಿಲ್ಲೆಗಳಲ್ಲಿ ಈ ಸರಪಳಿಯನ್ನೂ ಹಿಡಿಯಿತು. ದೇಶದಲ್ಲಿ ಸುಮಾರು 8.5 ಲಕ್ಷ ಜನ ಚುಚ್ಚಿಕೊಳ್ಳುತ್ತಾರೆ ಎಂಬ 2019ರ ಅಂದಾಜು ಆ ಸಮೀಕ್ಷೆಯದು.

ಎರ್ನಾಕುಲಂನ ಎಂ.ಜಿ. ರಸ್ತೆಯಲ್ಲೋ ತಿರುವನಂತಪುರದ ತಂಬಾನೂರಿನಲ್ಲೋ ಇಂಥ ಸರಪಳಿ ಆರಂಭವಾದರೆ ಎಷ್ಟು ದೂರ ಹೋದೀತು ಎಂದು ಯೋಚಿಸುತ್ತಿದ್ದಾಗ 2025ರ ವಳಾಂಚೇರಿ ಸುದ್ದಿ ಮತ್ತೆ ಎದುರಾಯಿತು. ಮಲಪ್ಪುರಂ ಜಿಲ್ಲೆಯ ಆ ಊರಿನಲ್ಲಿ ಸಿರಿಂಜ್ ಹಂಚಿಕೊಂಡ ಒಂದೇ ಬಳಗದ ಒಂಬತ್ತು ಹತ್ತು ಜನರಿಗೆ ಎಚ್‌ಐವಿ. ಅದನ್ನು ಕಂಡುಹಿಡಿದದ್ದು ಏಡ್ಸ್ ನಿಯಂತ್ರಣ ಸೊಸೈಟಿಯ ತಪಾಸಣೆ. ಠಾಣೆಯ ಯಾವ ದಾಳಿಯಲ್ಲೂ ಅದು ಗೊತ್ತಾಗುವಂತಿರಲಿಲ್ಲ. ಎಷ್ಟು ಜನ ಎಂಬ ನನ್ನ ಪ್ರಶ್ನೆ ಅಲ್ಲಿಗೆ ಚಿಕ್ಕದಾಯಿತು. ಮುಂದೆ ಬಂದವನ ಗತಿ ಏನು ಎಂಬುದನ್ನು ಮೊದಲು ಕೇಳಬೇಕಿತ್ತು.

ಕಾಯ್ದೆಯ 64ಎ ಕಲಮು, ಅಲ್ಪ ಪ್ರಮಾಣದೊಂದಿಗೆ ಸಿಕ್ಕ ವ್ಯಸನಿ ತಾನಾಗಿ ಚಿಕಿತ್ಸೆಗೆ ಒಪ್ಪಿದರೆ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ಆದರೆ ಎಂಡಿಎಂಎ ಎಂಬ ಮಾದಕವಸ್ತುವಿಗೆ ಆ ಅಲ್ಪ ಪ್ರಮಾಣ ಅರ್ಧ ಗ್ರಾಂ. ಇಬ್ಬರು ಗೆಳೆಯರ ಪಾಲನ್ನೂ ಜೇಬಿನಲ್ಲಿಟ್ಟುಕೊಂಡವನು ಆ ಗೆರೆ ದಾಟಿರಬಹುದು. ಕೇರಳದ 'ವಿಮುಕ್ತಿ' ಯೋಜನೆ ಹದಿನಾಲ್ಕೂ ಜಿಲ್ಲೆಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ವ್ಯಸನಮುಕ್ತಿ ಕೇಂದ್ರ ತೆರೆದಿದೆ, 14405ಕ್ಕೆ ಕರೆ ಮಾಡಿದರೆ ಸಲಹೆ ಸಿಗುತ್ತದೆ. ಒಳ್ಳೆಯ ಕೆಲಸ. ಆದರೆ ಅದನ್ನು ನಡೆಸುವುದು ಅಬಕಾರಿ ಇಲಾಖೆ. ಹಿಡಿಯುವವರೂ ಅವರೇ, ಕೈಹಿಡಿಯುವವರೂ ಅವರೇ. ಮಗನನ್ನು ಕರೆದುಕೊಂಡು ಹೊರಟ ತಾಯಿಯ ಕಾಲು ಬಾಗಿಲಲ್ಲೇ ತಡೆಯದೆ ಇದ್ದೀತೆ?

ವಿಮುಕ್ತಿಯನ್ನು ಪೂರ್ತಿಯಾಗಿ ಆರೋಗ್ಯ ಇಲಾಖೆಗೆ ಒಪ್ಪಿಸಬೇಕು. ಪ್ರತಿ ವರ್ಷ ಪ್ರಕರಣಗಳ ಸಂಖ್ಯೆಯ ಪಕ್ಕದಲ್ಲೇ, ಚಿಕಿತ್ಸೆಗೆ ಬಂದವರೆಷ್ಟು, ವರ್ಷದ ನಂತರವೂ ಉಳಿದವರೆಷ್ಟು ಎಂದು ಅಚ್ಚು ಹಾಕಬೇಕು. ನಿಮ್ಹಾನ್ಸ್‌ನಂಥ ಸಂಸ್ಥೆ ಬೆಂಗಳೂರಿನಲ್ಲೇ ಇರುವಾಗ, ನಮ್ಮ ಕರ್ನಾಟಕ ಸರ್ಕಾರ ಇಂಥ ಲೆಕ್ಕ ಕೊಡಲು ಕೇರಳದ ದಾರಿ ನೋಡಬೇಕಿಲ್ಲ.