ಹರ್ನಿಯಾ ಜಾಲರಿಗೆ ಮೊಳೆ ಬೇಕೆ?

ಉದರಭಿತ್ತಿಯ ದುರ್ಬಲ ಸ್ಥಾನದಿಂದ ಕರುಳು ಹೊರಚಾಚುವುದೇ ಹರ್ನಿಯಾ. ಅಮೆರಿಕದ ಶಸ್ತ್ರವೈದ್ಯ ಫ್ರಾನ್ಸಿಸ್ ಅಷರ್ 1958ರಲ್ಲಿ ಪ್ಲಾಸ್ಟಿಕ್ ಜಾಲರಿಯಿಂದ ಅದನ್ನು ಮುಚ್ಚುವ ಕ್ರಮವನ್ನು ಪ್ರಕಟಿಸಿದರು. ಇಂದು ಉದರದರ್ಶಕದ ನೆರವಿನಿಂದ ಜಾಲರಿಯನ್ನು ಒಳಗಿಳಿಸಿ, ಟ್ಯಾಕರ್ ಎಂಬ ಪಿಸ್ತೂಲಿನಂತಹ ಉಪಕರಣದಿಂದ ಸುರುಳಿಮೊಳೆಗಳನ್ನು ನೆಟ್ಟು ಬಿಗಿಯುವುದುಂಟು. ಮೊಳೆಯು ನರಕ್ಕೆ ತಗುಲಿದರೆ ನೋವು ಬಹುಕಾಲ ಕಾಡಬಹುದು.

ಆದರೆ ತೊಡೆಸಂದಿನ ಹರ್ನಿಯಾದಲ್ಲಿ, ಸ್ನಾಯುವಿಗೂ ಉದರಪಟಲಕ್ಕೂ ನಡುವೆ ಅಗಲವಾಗಿ ಹರಡಿದ ಜಾಲರಿಯನ್ನು ಉದರದ ಒತ್ತಡವೇ ಹಿಡಿದಿಡುವುದು. ಉದರಪಟಲವನ್ನು ತೆರೆಯದ ವಿಧಾನದಲ್ಲಿ ಮೊಳೆಗಳು ಬಹುತೇಕ ಅನಾವಶ್ಯಕವೆಂದು 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳಿತು. ಒಳಮಗ್ಗುಲಿನ ದೊಡ್ಡ ರಂಧ್ರಗಳಿಗೆ ಮಾತ್ರ ಅವನ್ನು ವಿಧಿಸಿತು. ಉಪಕರಣವು ಕೈಯಲ್ಲಿದೆಯೆಂಬುದು ಅದನ್ನು ಪ್ರಯೋಗಿಸಲು ಸಾಕಾದ ಕಾರಣವಲ್ಲ. ರೋಗಿಯ ದೇಹದಲ್ಲಿ ಉಳಿಸುವ ಪ್ರತಿಯೊಂದು ಮೊಳೆಗೂ ವೈದ್ಯನು ಕಾರಣ ಹೇಳಬಲ್ಲವನಾಗಿರಬೇಕು.