ವಿಭೂತಿ ಬುಧವಾರ

2025ನೆಯ ಇಸವಿಯ ಮಾರ್ಚ್ 5, ಬುಧವಾರ. ಮಹಾಶಿವರಾತ್ರಿ ಕಳೆದು ಸರಿಯಾಗಿ ಒಂದು ವಾರವಾಗಿದ್ದಿತು. ಸಿದ್ಧರಬೆಟ್ಟವನ್ನು ಹತ್ತಿ ಇಳಿದವರ ಕಾಲುನೋವು ನಮ್ಮ ಕೊರಟಗೆರೆಯಲ್ಲಿ ಇನ್ನೂ ಪೂರ್ತಿಯಾಗಿ ಆರಿರಲಿಲ್ಲ. ಬೆಳಗಿನ ಮೊದಲನೆಯ ಅವಧಿಯಲ್ಲಿ ನಾನು ವಚನಗಳ ಪಾಠ ಹೇಳುತ್ತಿದ್ದೆನು. ಅಷ್ಟಾವರಣಗಳು ಯಾವುವು, ಅವುಗಳಲ್ಲಿ ವಿಭೂತಿಗೆ ಏಕೆ ಅಷ್ಟು ಹಿರಿಯ ಸ್ಥಾನ ಎಂಬುದನ್ನು ಕರಿಹಲಗೆಯ ಮೇಲೆ ಬರೆದು ವಿವರಿಸುತ್ತಿರುವಾಗ, ಬಾಗಿಲಲ್ಲಿ ಒಬ್ಬ ವಿದ್ಯಾರ್ಥಿನಿ ನಿಂತು, ‘ಒಳಗೆ ಬರಲೇ ಸಾರ್?’ ಎಂದಳು. ಹತ್ತು ನಿಮಿಷ ತಡ. ಹಣೆಯ ಮೇಲೆ ಬೂದುಬಣ್ಣದ ಮಸುಕಾದ ಗುರುತು.

‘ಬಾರಮ್ಮ, ಪಾಠಕ್ಕೆ ಒಳ್ಳೆಯ ನಿದರ್ಶನವಾಗಿಯೇ ಬಂದೆ. ಊರಿಗೆಲ್ಲ ಶಿವರಾತ್ರಿ ಮುಗಿದು ವಾರವಾಯಿತು. ನಿನಗೊಬ್ಬಳಿಗೆ ಇನ್ನೂ ಮುಗಿದಂತಿಲ್ಲ!’ ಎಂದೆನು.

ತರಗತಿ ಗೊಳ್ಳೆಂದು ನಕ್ಕಿತು. ಮೇಷ್ಟರ ಹಾಸ್ಯಕ್ಕೆ ವಿದ್ಯಾರ್ಥಿಗಳು ನಗುವುದು ಅಪರೂಪ. ಆದಕಾರಣ ನನಗೂ ಸಂತೋಷವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಆ ಹುಡುಗಿ ಮಾತ್ರ ನಗಲಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತು, ದುಪಟ್ಟದ ಅಂಚಿನಿಂದ ಹಣೆಯನ್ನು ಒರೆಸಿಕೊಂಡಳು. ಪಾಠದ ಕೊನೆಯಲ್ಲಿ ಹಾಜರಿ ಕರೆಯುತ್ತ ಅವಳ ಹೆಸರಿಗೆ ಬಂದಾಗ ನಾಲಗೆ ತಡೆಯಿತು. ಅವಳು ಕ್ರೈಸ್ತರ ಮನೆಯ ಮಗಳು.

ವರಾಂಡದಲ್ಲಿ ಕರೆದು ಕೇಳಿದೆನು: ‘ಹಣೆಯಲ್ಲಿದ್ದುದು ಏನಮ್ಮ?’

‘ವಿಭೂತಿ ಸಾರ್. ಇವತ್ತು ನಮಗೆ ವಿಭೂತಿ ಬುಧವಾರ. ತುಮಕೂರಿನಲ್ಲಿ ಬೆಳಗಿನ ಪೂಜೆ ಮುಗಿಸಿಕೊಂಡು ಬಸ್ಸು ಹತ್ತಿದೆ, ಅದಕ್ಕೇ ತಡವಾಯಿತು.’

‘ಮತ್ತೆ ಒರೆಸಿಬಿಟ್ಟೆಯಲ್ಲ?’

‘ಎಲ್ಲರೂ ನಕ್ಕರಲ್ಲ ಸಾರ್.’

ಒಂದು ಗಂಟೆಯ ಕಾಲ ವಿಭೂತಿಯ ಮಹಿಮೆಯನ್ನು ಬೋಧಿಸಿದ ನನ್ನಿಂದಲೇ ಒಂದು ಹಣೆಯ ವಿಭೂತಿ ಅಳಿಸಿಹೋಯಿತು. ಅಂದೇ ಕ್ಷಮೆ ಕೇಳಬೇಕಾಗಿದ್ದಿತು, ಬಾಯಿ ಬರಲಿಲ್ಲ. ಉಪಾಧ್ಯಾಯ ವೃತ್ತಿಯವರಿಗೆ ಆ ಅಭ್ಯಾಸ ಕಡಿಮೆ. ಅದರ ಬದಲು ಪುಸ್ತಕಗಳನ್ನು ಹುಡುಕಿಕೊಂಡು ಹೋದೆನು. ಹಾಗೆ ತಿಳಿದುಕೊಂಡ ಕೆಲವು ಸಂಗತಿಗಳನ್ನು ಈ ವಾರ ವಾಚಕರ ಮುಂದಿಡುತ್ತಿದ್ದೇನೆ.

ಆ ಬೂದಿಯ ಮೂಲ ಒಂದು ಗರಿ. ಈಸ್ಟರಿಗೆ ಹಿಂದಿನ ಭಾನುವಾರವನ್ನು ಕನ್ನಡ ಕ್ರೈಸ್ತರು ‘ಗರಿಗಳ ಭಾನುವಾರ’ ಎನ್ನುತ್ತಾರೆ. ಯೇಸು ಕತ್ತೆಯನ್ನೇರಿ ಜೆರುಸಲೇಮ್ ಪಟ್ಟಣವನ್ನು ಪ್ರವೇಶಿಸಿದಾಗ ಜನರು ಖರ್ಜೂರದ ಗರಿಗಳನ್ನು ಹಿಡಿದು ಎದುರುಗೊಂಡರೆಂಬುದರ ನೆನಪು ಅದು. ಖರ್ಜೂರವಿಲ್ಲದ ನಮ್ಮ ನಾಡಿನಲ್ಲಿ ತೆಂಗಿನ ಗರಿ ಆ ಕೆಲಸಕ್ಕೆ ಒದಗಿತು. ತುಮಕೂರು ಜಿಲ್ಲೆಯಲ್ಲಿ ತೆಂಗಿನ ಗರಿಗೆ ಬರವೆಲ್ಲಿ! ಮಂತ್ರಿಸಿದ ಗರಿಯನ್ನು ಶಿಲುಬೆಯಾಕಾರವಾಗಿ ಮಡಿಸಿ ಮನೆಯ ಗೋಡೆಗೆ ಸಿಕ್ಕಿಸುತ್ತಾರೆ. ಅದು ವರ್ಷವಿಡೀ ಅಲ್ಲಿಯೇ ಒಣಗುತ್ತದೆ. ಮರುವರ್ಷ ಅಂಥ ಗರಿಗಳನ್ನೇ ಸುಟ್ಟು ಬೂದಿ ಮಾಡಿ, ಮನುಷ್ಯನು ಮಣ್ಣಿನಿಂದ ಬಂದು ಮಣ್ಣಿಗೇ ಹೋಗತಕ್ಕವನೆಂಬ ಅರ್ಥದ ಮಾತನ್ನು ಹೇಳುತ್ತ ಪಾದ್ರಿಯು ಒಬ್ಬೊಬ್ಬರ ಹಣೆಗೂ ಹಚ್ಚುತ್ತಾನೆ. ಜಯಕಾರದ ಗರಿ ವರ್ಷ ತುಂಬುವುದರೊಳಗೆ ಬೂದಿಯಾಗುತ್ತದೆ. ಮಾಡಿದ ಪಾಪಕ್ಕಾಗಿ ಬೂದಿ ಬಳಿದುಕೊಳ್ಳುವುದು ಯೆಹೂದ್ಯರಲ್ಲಿ ಕ್ರಿಸ್ತನಿಗೂ ಮೊದಲೇ ಇದ್ದ ಪದ್ಧತಿ. ಪ್ರಾಚೀನ ಚರ್ಚಿನಲ್ಲಿ ಘೋರ ಅಪರಾಧಗಳಿಗೆ ಪ್ರಾಯಶ್ಚಿತ್ತ ಮಾಡಿಕೊಳ್ಳುವವರಿಗಷ್ಟೇ ಇದ್ದ ಈ ಕ್ರಮ 11ನೆಯ ಶತಮಾನದ ಕೊನೆಯ ಹೊತ್ತಿಗೆ ಸರ್ವರಿಗೂ ಅನ್ವಯವಾಯಿತು.

ಎಲ್ಲ ಕ್ರೈಸ್ತರೂ ಬೂದಿ ಧರಿಸುವುದಿಲ್ಲವೆಂಬುದನ್ನೂ ಹೇಳಬೇಕು. ನಮ್ಮ ಜಿಲ್ಲೆಯ ಗುಬ್ಬಿಯಲ್ಲಿ 1837ರಲ್ಲಿ ನೆಲೆನಿಂತ ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ನರಂಥವರ ಪ್ರಾಟೆಸ್ಟೆಂಟ್ ಪರಂಪರೆಯಲ್ಲಿ ಬೈಬಲ್ಲಿನ ವಾಚನ, ಪ್ರಸಂಗ, ಕೀರ್ತನೆಗಳಿಗೆ ಪ್ರಾಧಾನ್ಯ; ಇಂಥ ಬಾಹ್ಯ ಕುರುಹುಗಳಿಗೆ ಅಷ್ಟಿಲ್ಲ. ಕುರುಹು ಬೇಕೆ ಬೇಡವೆ ಎಂಬ ವಾದ ವಚನಗಳನ್ನು ಓದಿದವರಿಗೆ ಹೊಸದೇನೂ ಅಲ್ಲ.

ವಿಭೂತಿ ಬುಧವಾರದಿಂದ ಈಸ್ಟರಿನವರೆಗೆ 46 ದಿನ. ಭಾನುವಾರಗಳಲ್ಲಿ ಉಪವಾಸವಿಲ್ಲ; ಆರು ಭಾನುವಾರಗಳನ್ನು ಕಳೆದರೆ ಉಳಿಯುವುದು 40. ಇದಕ್ಕೆ ಕನ್ನಡದಲ್ಲಿ ‘ತಪಸ್ಸು ಕಾಲ’ ಎಂದು ಹೆಸರು. ಮನೆಗಳಲ್ಲಿ ಮಾಂಸ ಬಿಡುವುದುಂಟು, ಮದುವೆ ಮುಂಜಿಗಳ ಸಡಗರ ನಿಲ್ಲುವುದುಂಟು. ಕೊನೆಯ ವಾರದಲ್ಲಿ ಗುರುವಾರ ಗುರುವೇ ಬಾಗಿ ಭಕ್ತರ ಪಾದ ತೊಳೆಯುತ್ತಾನೆ. ಆ ರಾತ್ರಿಯ ಪೂಜೆಯಿಂದ ಶನಿವಾರದ ರಾತ್ರಿಯವರೆಗೆ ಗಂಟೆ ಬಾರಿಸುವಂತಿಲ್ಲ. ಮರದ ತುಂಡುಗಳನ್ನು ಬಡಿದು ಸದ್ದು ಮಾಡುತ್ತಾರೆ. ಶುಭ ಶುಕ್ರವಾರ ಬಲಿಪೂಜೆಯೇ ಇಲ್ಲ. ಕನಕಪುರದ ಬಳಿಯ ಹಾರೋಬೆಲೆಯಲ್ಲಿ ಊರವರೇ ವೇಷ ಕಟ್ಟಿ ಕ್ರಿಸ್ತನ ಯಾತನೆಯ ಕಥೆಯನ್ನು ನಾಟಕವಾಗಿ ಆಡುವ ವಾಡಿಕೆ ಬಹುಕಾಲದಿಂದ ನಡೆದುಬಂದಿದೆ. ಶನಿವಾರ ರಾತ್ರಿ ಕತ್ತಲೆಯಲ್ಲಿ ಹೊಸ ಬೆಂಕಿ ಹೊತ್ತಿಸಿ, ಆ ವರ್ಷದ ಅಂಕಿಗಳನ್ನು ಕೆತ್ತಿದ ದೊಡ್ಡ ಮೇಣದ ಬತ್ತಿಗೆ ಅದನ್ನು ಮುಟ್ಟಿಸುತ್ತಾರೆ. ಅದರಿಂದ ಒಬ್ಬರು ಹಚ್ಚಿಕೊಂಡು ಪಕ್ಕದವರಿಗೆ ಕೊಡುತ್ತ ದೇವಾಲಯವೆಲ್ಲ ಬೆಳಕಾಗುತ್ತದೆ.

ಇನ್ನು ನನ್ನ ಹಾಸ್ಯದ ವಿಷಯ. ಅದು ತಪ್ಪೆಂಬುದರಲ್ಲಿ ಸಂಶಯವಿಲ್ಲ. ಆದರೆ ಪಂಚಾಂಗವನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದಾಗ ಬೆರಗಾದೆನು. ಕ್ರಿಸ್‌ಮಸ್ಸಿನಂತೆ ಈಸ್ಟರಿಗೆ ನಿಗದಿಯಾದ ತಾರೀಖಿಲ್ಲ. ಕ್ರಿಸ್ತನು ಶಿಲುಬೆಗೇರಿದುದು ಯೆಹೂದ್ಯರ ಪಾಸ್ಕ ಹಬ್ಬದ ಸಮಯದಲ್ಲಿ. ಪಾಸ್ಕ ಬರುವುದು ವಸಂತದ ಹುಣ್ಣಿಮೆಗೆ. ಯೆಹೂದ್ಯರ ಪಂಚಾಂಗವೂ ನಮ್ಮದರಂತೆಯೇ ಚಾಂದ್ರಮಾಸಗಳದು. ನಮ್ಮಲ್ಲಿ ಸುಮಾರು 19 ವರ್ಷಗಳಿಗೆ 7 ಅಧಿಕಮಾಸಗಳು ಬರುವಂತೆ ಅಲ್ಲಿಯೂ 19 ವರ್ಷಕ್ಕೆ 7 ಬರುತ್ತವೆ. ಈಸ್ಟರನ್ನು ಎಲ್ಲರೂ ಒಂದೇ ಭಾನುವಾರ ಆಚರಿಸಬೇಕೆಂದು 325ರಲ್ಲಿ ನೈಸೀಯದ ಸಭೆ ತೀರ್ಮಾನಿಸಿತು. ಕಾಲಕ್ರಮದಲ್ಲಿ ನಿಂತ ನಿಯಮವೆಂದರೆ, ಮಾರ್ಚ್ 21ರಂದು ಅಥವಾ ಅದರ ತರುವಾಯ ಬರುವ ಹುಣ್ಣಿಮೆಯ ನಂತರದ ಭಾನುವಾರ ಈಸ್ಟರ್. ಆ ಹುಣ್ಣಿಮೆ ಬಹುಪಾಲು ವರ್ಷಗಳಲ್ಲಿ ನಮ್ಮ ಚೈತ್ರದ ಹುಣ್ಣಿಮೆಯೇ. ಯುಗಾದಿಗೆ ಬೇವುಬೆಲ್ಲ ತಿಂದು ಎರಡು ಮೂರು ವಾರಗಳಲ್ಲಿ ಈಸ್ಟರ್ ಬಂದಿತೆಂದು ತಿಳಿಯಬಹುದು.

ಈಗ ಹಿಂದಕ್ಕೆ ಎಣಿಸಿರಿ. ಈಸ್ಟರಿನಿಂದ 46 ದಿನ ಹಿಂದೆ ಸರಿದರೆ ಸುಮಾರು ಒಂದೂವರೆ ಚಾಂದ್ರಮಾಸ; ಚೈತ್ರದ ಹುಣ್ಣಿಮೆಯಿಂದ ಒಂದೂವರೆ ತಿಂಗಳು ಹಿಂದಕ್ಕೆ ಮಾಘದ ಅಮಾವಾಸ್ಯೆ. ಅದರ ಹಿಂದಿನ ರಾತ್ರಿ ಯಾವುದು? ಮಹಾಶಿವರಾತ್ರಿ! 2022ರಲ್ಲಿ ಶಿವರಾತ್ರಿ ಮಾರ್ಚ್ 1, ವಿಭೂತಿ ಬುಧವಾರ ಮಾರ್ಚ್ 2. 2023ರಲ್ಲಿ ಶಿವರಾತ್ರಿ ಫೆಬ್ರವರಿ 18, ವಿಭೂತಿ ಬುಧವಾರ 22. ಶಿವಭಕ್ತರು ಉಪವಾಸವಿದ್ದು ಭಸ್ಮ ಧರಿಸಿದ ವಾರದೊಳಗೇ ಕ್ರಿಸ್ತಭಕ್ತರೂ ಉಪವಾಸ ಹಿಡಿದು ಭಸ್ಮ ಧರಿಸುತ್ತಾರೆ. ಇವರು ಅವರಿಂದ ಕಲಿತರೆಂದಾಗಲಿ ಅವರು ಇವರಿಂದ ಕಲಿತರೆಂದಾಗಲಿ ಇದರ ಅರ್ಥವಲ್ಲ. ಹಾಗೆ ಹೇಳುವವರನ್ನು ನಂಬಲೂಬಾರದು. ಇಬ್ಬರೂ ನೋಡಿಕೊಂಡುದು ಒಬ್ಬನೇ ಚಂದ್ರನನ್ನು, ಅಷ್ಟೆ. ಚಂದ್ರನ ಹುಣ್ಣಿಮೆ ಮಾರ್ಚ್ 21ಕ್ಕೂ ತೀರ ಸಮೀಪದಲ್ಲಿ ಬಿದ್ದರೆ ಲೆಕ್ಕ ಒಂದು ತಿಂಗಳು ಹಿಂದೆ ಸರಿಯುತ್ತದೆ: 2024ರಲ್ಲಿ ಹೋಳಿಯ ಹುಣ್ಣಿಮೆಯೇ ಈಸ್ಟರಿನ ಹುಣ್ಣಿಮೆಯಾಯಿತು, ವಿಭೂತಿ ಬುಧವಾರ ಫೆಬ್ರವರಿ 14ಕ್ಕೇ ಬಂದು ಶಿವರಾತ್ರಿ ಮಾರ್ಚ್ 8ಕ್ಕೆ ಉಳಿಯಿತು.

ಇನ್ನೊಂದು ಸ್ವಾರಸ್ಯ. ಚರ್ಚಿನವರು ಆಕಾಶವನ್ನು ನೋಡಿ ಹುಣ್ಣಿಮೆ ಹೇಳುವುದಿಲ್ಲ, ಹಳೆಯ ಕೋಷ್ಟಕ ನೋಡಿ ಹೇಳುತ್ತಾರೆ. 2025ರಲ್ಲಿ ನಮ್ಮ ಪಂಚಾಂಗದ ಚೈತ್ರ ಹುಣ್ಣಿಮೆ ಏಪ್ರಿಲ್ 12, ಶನಿವಾರ. ಅವರ ಕೋಷ್ಟಕದಲ್ಲಿ 13, ಭಾನುವಾರ. ಒಂದೇ ದಿನದ ಅಂತರದಿಂದ ಈಸ್ಟರ್ ಒಂದು ವಾರ ಮುಂದೆ ಹೋಗಿ 20ಕ್ಕೆ ನಿಂತಿತು. ಏಕಾದಶಿ ಇಂದೋ ನಾಳೆಯೋ ಎಂದು ಮನೆಯಲ್ಲಿ ಚರ್ಚೆ ಕೇಳಿ ಬೆಳೆದ ಗೃಹಿಣಿಯರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಕ್ರಿಸ್‌ಮಸ್ಸಿನ ದಾರಿ ಬೇರೆ. ಅದು ಸೂರ್ಯನ ಹಬ್ಬ. ಡಿಸೆಂಬರ್ 25 ರೋಮನರ ಎಣಿಕೆಯಲ್ಲಿ ಸೂರ್ಯನು ಉತ್ತರಕ್ಕೆ ತಿರುಗುವ ದಿನ, ಎಂದರೆ ಅವರ ಉತ್ತರಾಯಣ ಪುಣ್ಯಕಾಲ. ಯೇಸು ಹುಟ್ಟಿದ ತಾರೀಖು ಸುವಾರ್ತೆಗಳಲ್ಲಿಲ್ಲ. ಆ ದಿನವನ್ನು ಏಕೆ ಆರಿಸಿಕೊಂಡರೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವೂ ಇಲ್ಲ. ಅದನ್ನು ಇನ್ನೊಂದು ವಾರಕ್ಕೆ ಇಟ್ಟುಕೊಳ್ಳೋಣ. ಗೋದಲಿಯ ಒಂದು ಸಂಗತಿಯನ್ನು ಮಾತ್ರ ಹೇಳದಿರಲಾರೆ. ಹುಲ್ಲಿನ ಕೊಟ್ಟಿಗೆಯಲ್ಲಿ ಶಿಶು ಯೇಸುವನ್ನು ಮಲಗಿಸಿ ತೋರಿಸುವ ಈ ರೂಢಿಯನ್ನು ಜನಪ್ರಿಯಗೊಳಿಸಿದವನು ಇಟಲಿಯ ಸಂತ ಫ್ರಾನ್ಸಿಸ್. 1223ರಲ್ಲಿ, ಗ್ರೆಚ್ಚೊ ಎಂಬ ಹಳ್ಳಿಯಲ್ಲಿ. ನಮ್ಮ ಕಡೆಯ ಮನೆಗಳಲ್ಲಿ ಹಬ್ಬಕ್ಕೆ ಕೆಲವು ದಿನ ಮುಂಚಿತವಾಗಿ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿ ನೀರು ಚಿಮುಕಿಸುತ್ತಾರೆ. ಬೆತ್ಲೆಹೇಮಿನ ಕುರಿಗಳು ಅಲ್ಲಿ ಮೇಯುವುದು ನಮ್ಮ ರಾಗಿಯ ಪೈರನ್ನು.

ಆ ವರ್ಷ ಈಸ್ಟರ್ ಕಳೆದ ಸೋಮವಾರ ಹುಡುಗಿ ನನ್ನ ಮೇಜಿನ ಮೇಲೆ ಒಂದು ಡಬ್ಬಿ ಕರ್ಜಿಕಾಯಿಯನ್ನೂ ತೆಂಗಿನ ಗರಿಯ ಒಂದು ಪುಟ್ಟ ಶಿಲುಬೆಯನ್ನೂ ಇಟ್ಟಳು. ‘ಅಂದು ನಾನು ಹಾಗೆ ಹೇಳಬಾರದಾಗಿತ್ತಮ್ಮ’ ಎಂದೆನು. ‘ಇರಲಿ ಬಿಡಿ ಸಾರ್’ ಎಂದಳು. ಕರ್ಜಿಕಾಯಿ ಅಂದೇ ಮುಗಿಯಿತು. ಗರಿಯನ್ನು ಮನೆಯ ಪುಸ್ತಕದ ಬೀರುವಿನಲ್ಲಿ ಕಿಟ್ಟೆಲ್ ನಿಘಂಟಿನ ಪಕ್ಕದಲ್ಲಿ ಇಟ್ಟೆನು.

2026ರಲ್ಲಿ ಶಿವರಾತ್ರಿ ಫೆಬ್ರವರಿ 15ಕ್ಕೆ ಬಂದಿತು. ಅದಕ್ಕೆ ಒಂದೆರಡು ದಿನ ಮುಂಚೆ ಅವಳು ಸಂಕೋಚದಿಂದ, ‘ಸಾರ್, ಆ ಗರಿ ಇದೆಯೇ? ಸುಡುವುದಕ್ಕೆ ಚರ್ಚಿಗೆ ಕೊಡಬೇಕು’ ಎಂದು ಕೇಳಿದಳು. ತೆಗೆದುಕೊಟ್ಟೆನು. 18ನೆಯ ತಾರೀಖು, ಬುಧವಾರ, ಮೊದಲನೆಯ ಅವಧಿಗೆ ಹತ್ತು ನಿಮಿಷ ತಡವಾಗಿ ಬಾಗಿಲಲ್ಲಿ ನಿಂತಳು. ‘ಬಾರಮ್ಮ, ಕುಳಿತುಕೋ’ ಎಂದು ಪಾಠ ಮುಂದುವರಿಸಿದೆನು. ಅವಧಿ ಮುಗಿದು ಹೊರಗೆ ಹೋಗುವಾಗಲೂ ಅವಳ ಹಣೆಯ ಮೇಲೆ ಬೂದಿ ಹಾಗೆಯೇ ಇದ್ದಿತು.